ಕೆ.ಆರ್.ಪೇಟೆ ಓಟು ಆಳಿಗೋ, ಗುರುತಿಗೋ?

ಕೆ.ಆರ್.ಪೇಟೆ ಜೆಡಿಎಸ್ ಕೋಟೆ ಅನ್ನೋದು ಹಳೇ ಮಾತು. ಆದರೆ ಮಂಡ್ಯ ಜಿಲ್ಲೆಯಲ್ಲಿ ಮೊದಲ ಬಾರಿಗೆ ಕಮಲ ಅರಳಿದ್ದೂ ಇಲ್ಲೇ. 2013 ಮತ್ತು 2018ರಲ್ಲಿ ತೆನೆ ಹೊತ್ತ ಮಹಿಳೆ ಗುರುತಿನಲ್ಲಿ ಗೆದ್ದಿದ್ದ ಕೆ.ಸಿ.ನಾರಾಯಣಗೌಡ, 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯೂ ಆದರು. ಆಗ ಮುಖ್ಯಮಂತ್ರಿ ಯಡಿಯೂರಪ್ಪ, ಇದೇ ತಾಲ್ಲೂಕಿನ ಬೂಕನಕೆರೆಯವರು. ನಮ್ಮೂರವರ ಸರ್ಕಾರ ಇದ್ದರೆ ಕೆಲಸ ಆಗುತ್ತೆ ಅನ್ನೋ ಲೆಕ್ಕ ಆವತ್ತು ಜೋರಾಗಿ ನಡೆಯಿತು.

2023ರಲ್ಲಿ ಅದೇ ನಾರಾಯಣಗೌಡರು ಮೂರನೇ ಸ್ಥಾನಕ್ಕಿಳಿದರು. ಗೆದ್ದವರು ಜೆಡಿಎಸ್‌ನ ಎಚ್.ಟಿ.ಮಂಜು. ಜಿಲ್ಲೆಯ ಏಳರಲ್ಲಿ ಆ ಪಕ್ಷಕ್ಕೆ ಉಳಿದ ಸೀಟು ಇದೊಂದೇ. 2019ರಲ್ಲಿ ಜೆಡಿಎಸ್‌ನಿಂದ ಸೋತ ಬಿ.ಎಲ್.ದೇವರಾಜು ಈ ಸಲ ಕಾಂಗ್ರೆಸ್‌ನಿಂದ ನಿಂತು ಎರಡನೆಯವರಾದರು. ಪಕ್ಷ ಬಿಟ್ಟವರ ಹಿಂದೆ ಒಂದಿಷ್ಟು ಓಟು ಹೋಗುತ್ತೆ, ಹಳ್ಳಿಗಳ ಗಟ್ಟಿ ಓಟು ಮಾತ್ರ ತೆನೆಯ ಹತ್ತಿರವೇ ಉಳಿಯುತ್ತೆ. ಅಧಿಕಾರ ನೋಡಿ ವಾಲುವ ಓಟು ಬೇರೆಯೇ.

2024ರ ಲೋಕಸಭೆಯಲ್ಲಿ ಜೆಡಿಎಸ್-ಬಿಜೆಪಿ ಕೈಜೋಡಿಸಿದವು, ಕುಮಾರಸ್ವಾಮಿ 2.84 ಲಕ್ಷ ಅಂತರದಲ್ಲಿ ಗೆದ್ದರು. ದೊಡ್ಡ ಚುನಾವಣೆಗೆ ಈ ದೋಸ್ತಿ ಸರಿಹೋಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಯದ್ದು ಬೇರೆ ಕಥೆ. 2019ರಲ್ಲಿ ಎದುರುಬದುರು ನಿಂತು ಬಡಿದಾಡಿದವರು ಒಂದೇ ಟಿಕೆಟ್‌ಗೆ ಕ್ಯೂ ನಿಲ್ಲಬೇಕು, ಒಬ್ಬರು ಇನ್ನೊಬ್ಬರಿಗೆ ಓಟು ಕೇಳಬೇಕು. ಕಾಂಗ್ರೆಸ್ ಕಾಯೋದು ಈ ಜಗಳಕ್ಕೇ.