ಎಲುಬುಗೂಡಿನೊಳಗೆ ಇರುವವನು ಮನುಷ್ಯನೇ

ಜಪಾನಿನ ಮಾರುಯಾಮಾ ಕುಗಾನೆ ಬರೆದ ‘ಓವರ್‌ಲಾರ್ಡ್’ ಕಾದಂಬರಿ ಸರಣಿಯನ್ನು ಮೆಚ್ಚಿ ಓದುವವರಲ್ಲೇ ಹಲವರು ಅದರ ನಾಯಕನ ಬಗ್ಗೆ ಒಂದು ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಸುಜುಕಿ ಸತೋರು ಎಂಬ ಕಂಪನಿ ನೌಕರ ಮೊದಲ ಸಂಪುಟದಲ್ಲೇ ಮುಗಿದುಹೋದ. ಅಲ್ಲಿಂದಾಚೆ ಓಡಾಡುವ ಐನ್ಜ್ ಊಲ್ ಗೌನ್ ಎಂಬ ಅಸ್ಥಿಪಂಜರದ ಮಾಂತ್ರಿಕನಿಗೆ ಮನುಷ್ಯರ ಭಾವನೆಗಳಿಲ್ಲ, ತನ್ನದೇ ಆದ ಮಹತ್ವಾಕಾಂಕ್ಷೆಯೂ ಇಲ್ಲ. ಇದು ಅವರ ತೀರ್ಪು. ಈ ಓದು ಕಥೆಯ ತಿರುಳನ್ನೇ ಹೊರಗೆ ಚೆಲ್ಲುತ್ತದೆ ಎಂಬುದು ನನ್ನ ವಾದ. ಅದಕ್ಕಿಂತ ಮುಖ್ಯವಾಗಿ, ಅಪರಾಧಿಯೊಬ್ಬನನ್ನು ವಿಚಾರಣೆಯೇ ಇಲ್ಲದೆ ಬಿಡುಗಡೆ ಮಾಡುತ್ತದೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 2010ರಲ್ಲಿ ಅಂತರ್ಜಾಲದಲ್ಲಿ ಬರತೊಡಗಿ, 2012ರಿಂದ ಪುಸ್ತಕವಾಗಿ, 2015ರಿಂದ ಅನಿಮೆಯಾಗಿ ಹರಡಿದ ಕಥೆ ಇದು. ಶುರುವಾಗುವುದು 2138ನೆಯ ಇಸವಿಯಲ್ಲಿ. ಯಗ್ದ್ರಸಿಲ್ ಎಂಬ ಕಂಪ್ಯೂಟರ್ ಆಟವನ್ನು ಆ ರಾತ್ರಿ ಶಾಶ್ವತವಾಗಿ ಮುಚ್ಚಲಿದ್ದಾರೆ. ಒಂದು ಕಾಲಕ್ಕೆ ನಲವತ್ತೊಂದು ಗೆಳೆಯರಿದ್ದ ತಂಡದಲ್ಲಿ ಕಡೆಯವರೆಗೂ ಉಳಿದವನು ಸುಜುಕಿ ಒಬ್ಬನೇ. ತಾವೆಲ್ಲ ಸೇರಿ ಕಟ್ಟಿದ ನಜಾರಿಕ್ ಎಂಬ ನೆಲಮಾಳಿಗೆಯ ಸಿಂಹಾಸನದ ಮೇಲೆ ಆಟ ನಿಲ್ಲುವ ಗಳಿಗೆಗಾಗಿ ಕಾದು ಕೂತಿರುತ್ತಾನೆ. ಆಟ ನಿಲ್ಲುವುದಿಲ್ಲ. ಆಟದಲ್ಲಿ ಅವನು ತೊಟ್ಟಿದ್ದ ಎಲುಬಿನ ವೇಷವೇ ಮೈಯಾಗಿ, ಬೇರೊಂದು ಲೋಕದಲ್ಲಿ ಅವನು ಕಣ್ಣು ಬಿಡುತ್ತಾನೆ. ಗೆಳೆಯರು ರೂಪಿಸಿದ್ದ ಕಾವಲು ಪಾತ್ರಗಳಿಗೆ ಜೀವ ಬಂದಿರುತ್ತದೆ, ಅವನನ್ನು ದೇವರೆಂದು ಪೂಜಿಸುತ್ತವೆ.

ಎದುರು ಪಕ್ಷದವರ ಮೊದಲ ವಾದ ದೇಹದ ಮೇಲೆ ನಿಂತಿದೆ. ಹೃದಯವಿಲ್ಲ, ಮಿದುಳಿಲ್ಲ, ಹಸಿವು ನಿದ್ದೆಗಳಿಲ್ಲ. ಭಾವನೆ ಉಕ್ಕಿದ ಕೂಡಲೇ ಅದನ್ನು ಕತ್ತರಿಸಿಹಾಕುವ ಗುಣವೊಂದು ಆ ಸತ್ತ ಮೈಗೆ ಅಂಟಿಕೊಂಡಿದೆ. ಇಂಥವನು ಏನನ್ನು ಅನುಭವಿಸಲು ಸಾಧ್ಯ ಎಂದು ಕೇಳುತ್ತಾರೆ. ಆ ಗುಣ ಹೇಗೆ ಕೆಲಸ ಮಾಡುತ್ತದೆಂದು ಲೇಖಕರು ಮತ್ತೆ ಮತ್ತೆ ತೋರಿಸಿದ್ದಾರೆ. ಅದು ತೀವ್ರವಾದ ಭಾವನೆಯ ಶಿಖರವನ್ನಷ್ಟೇ ಕಡಿಯುತ್ತದೆ. ಸಣ್ಣ ಅಸಮಾಧಾನ, ಸಣ್ಣ ಸಂತೋಷ, ಸಂಕೋಚ, ಅಳುಕು, ಹಳೆಯ ನೆನಪಿನ ನೋವು ಎಲ್ಲವೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಉಳಿಯುತ್ತವೆ. ಕತ್ತರಿ ಇದೆ ಎಂದಮೇಲೆ ಕತ್ತರಿಸಲು ಏನೋ ಬೆಳೆಯುತ್ತಿರಲೇಬೇಕು. ಸಂತೋಷ ಮೇಲೇರುವಾಗಲೇ ಅದು ತುಂಡಾದರೆ ಅವನಿಗೆ ಕಿರಿಕಿರಿಯಾಗುತ್ತದೆ. ಕಳೆದುಕೊಂಡದ್ದಕ್ಕೆ ಬೇಸರಪಡುವವನನ್ನು ನಿರ್ಭಾವುಕ ಎಂದು ಕರೆಯುವುದು ಹೇಗೆ? ಮೈ ಬದಲಾದರೆ ಮನಸ್ಸೂ ಬದಲಾಗಲೇಬೇಕು ಎಂಬ ನಿಯಮ ನಮ್ಮ ಕಥೆಗಳಲ್ಲೂ ಇಲ್ಲ. ಅಂಬೆ ಶಿಖಂಡಿಯಾಗಿ ಹುಟ್ಟಿದ್ದೇ ಹಳೆಯ ಸಿಟ್ಟನ್ನು ಹೊತ್ತುಕೊಂಡು ಬರುವುದಕ್ಕಾಗಿ.

ಏಳನೆಯ ಸಂಪುಟವನ್ನು ನೋಡಿ. ಹಣಕ್ಕಾಗಿ ಸಾಹಸ ಮಾಡುವ ಕೆಲವು ತಂಡಗಳು ನಜಾರಿಕ್ ಒಳಗೆ ನುಗ್ಗುತ್ತವೆ. ಸಿಕ್ಕಿಬಿದ್ದ ಹೆಕೆರಾನ್ ಎಂಬವನು ಪ್ರಾಣ ಉಳಿಸಿಕೊಳ್ಳಲು, ನಿಮ್ಮ ಗೆಳೆಯರೊಬ್ಬರ ಅನುಮತಿ ಪಡೆದೇ ಬಂದಿದ್ದೇವೆ ಎಂದು ಸುಳ್ಳು ಹೇಳುತ್ತಾನೆ. ಐನ್ಜ್ ಆ ಕ್ಷಣ ನಂಬಿಬಿಡುತ್ತಾನೆ, ನಂಬಲು ಹಾತೊರೆಯುತ್ತಾನೆ. ಸುಳ್ಳೆಂದು ತಿಳಿದಾಗ ಕೋಪ ಉಕ್ಕುತ್ತದೆ, ತುಂಡಾಗುತ್ತದೆ, ಮತ್ತೆ ಉಕ್ಕುತ್ತದೆ. ಒಂದೇ ಸಲಕ್ಕೆ ಕಡಿದುಹಾಕಲಾಗದಷ್ಟು ಆಳದಿಂದ ಬಂದ ಕೋಪ ಅದು. ಇನ್ನೊಂದು ಮಾತನ್ನೂ ನೆನಪಿಡಬೇಕು. ಆ ಸಾಹಸಿಗಳನ್ನು ಅಲ್ಲಿಗೆ ಬರುವಂತೆ ಮಾಡಿದ್ದು ನಜಾರಿಕ್‌ನದೇ ಯೋಜನೆ. ಒಪ್ಪಿಗೆ ಕೊಟ್ಟವನು ಅವನೇ. ತಾನೇ ಬಾಗಿಲು ತೆರೆಸಿ, ಒಳಗೆ ಬಂದವರ ಮೇಲೆ ಮನೆ ಕೊಳೆಯಾಯಿತೆಂದು ಉರಿದುಬೀಳುವ ಈ ಅನ್ಯಾಯ ಯಂತ್ರಕ್ಕೆ ಬರುವಂಥದ್ದಲ್ಲ. ತಪ್ಪು ತನ್ನದಾದಾಗ ಎದುರಿಗಿರುವವರ ಮೇಲೆ ಹರಿಹಾಯುವುದನ್ನು ನಾವು ದಿನವೂ ಕಾಣುತ್ತೇವೆ.

ಎರಡನೆಯ ಆಕ್ಷೇಪಕ್ಕೆ ನಿಜವಾದ ತೂಕವಿದೆ. ಕಾರ್ನೆ ಎಂಬ ಹಳ್ಳಿಯಲ್ಲಿ ಸೈನಿಕರು ಜನರನ್ನು ಕೊಚ್ಚುತ್ತಿರುವುದನ್ನು ಐನ್ಜ್ ದೂರದಿಂದ, ಮಾಯಾ ಕನ್ನಡಿಯಲ್ಲಿ ನೋಡುತ್ತಾನೆ. ಏನೂ ಅನ್ನಿಸುವುದಿಲ್ಲ. ಆಮೇಲೆ ತಾನೇ ಕೈಯಾರೆ ಒಬ್ಬ ಸೈನಿಕನನ್ನು ಕೊಂದಾಗಲೂ ಏನೂ ಅನ್ನಿಸುವುದಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎನ್ನುತ್ತಾರೆ.

ಒಂದು ಮಾತು ಒಪ್ಪುತ್ತೇನೆ. ಮನುಷ್ಯಕುಲ ತನ್ನದು ಎಂಬ ಭಾವ ಅವನಲ್ಲಿ ಅಂದಿಗೇ ಅಳಿದುಹೋಗಿದೆ. ಆದರೆ ಆ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಏನೂ ಅನ್ನಿಸಲಿಲ್ಲವೆಂಬುದನ್ನು ಮೊದಲು ಗಮನಿಸಿ ಬೆರಗಾಗುವವನು ಅವನೇ. ಮನುಷ್ಯನಾಗಿದ್ದಾಗ ಹೇಗಿದ್ದೆ ಎಂಬ ಅಳತೆಗೋಲು ಇನ್ನೂ ಕೈಯಲ್ಲಿ ಇರುವುದರಿಂದಲೇ ಈ ಬೆರಗು. ಇನ್ನೇನು ಬೆನ್ನು ತಿರುಗಿಸಬೇಕು, ಪಕ್ಕದಲ್ಲಿ ನಿಂತ ಬಟ್ಲರ್ ಸೆಬಾಸ್‌ನಲ್ಲಿ ಅವನನ್ನು ರೂಪಿಸಿದ ಟಚ್ ಮಿ ಎಂಬ ಹಳೆಯ ಗೆಳೆಯನ ಛಾಯೆ ಕಾಣುತ್ತದೆ. ಆಟ ಆಡಲು ಬಂದ ಹೊಸತರಲ್ಲಿ ಎಲ್ಲರೂ ಹಿಡಿದು ಬಡಿಯುತ್ತಿದ್ದಾಗ ಸುಜುಕಿಯನ್ನು ಕಾಪಾಡಿದವನು ಆ ಟಚ್ ಮಿ. ಆ ಋಣ ನೆನಪಾಗುತ್ತದೆ, ಹಳ್ಳಿಗೆ ಇಳಿಯುತ್ತಾನೆ. ಈ ಲೋಕದಲ್ಲಿ ತನ್ನ ಬಲ ಎಷ್ಟೆಂದು ಅಳೆಯುವ ಲೆಕ್ಕಾಚಾರವೂ ಜೊತೆಗಿದೆ, ಮುಚ್ಚಿಡುವಂಥದ್ದೇನಲ್ಲ. ಎನ್ರಿ ಎಂಬ ಹುಡುಗಿ ಮತ್ತು ಅವಳ ತಂಗಿ ಬದುಕುತ್ತಾರೆ. ತನ್ನ ಎಲುಬಿನ ಮುಖ ಅವರನ್ನು ಹೆದರಿಸಿದ್ದು ಕಂಡು ಮುಖವಾಡ ಹಾಕಿಕೊಳ್ಳುತ್ತಾನೆ.

ಋಣದ ನೆನಪು, ಕೊಂಚ ಸ್ವಾರ್ಥ, ಕೊಂಚ ಸಂಕೋಚ ಒಂದೇ ಗಳಿಗೆಯಲ್ಲಿ ಕಲಸಿಕೊಂಡಿವೆ. ಒಬ್ಬ ಮನುಷ್ಯ ಒಳ್ಳೆಯ ಕೆಲಸ ಮಾಡುವಾಗ ಅವನೊಳಗೆ ಇರುವುದು ಸಾಮಾನ್ಯವಾಗಿ ಇದೇ ಮಿಶ್ರಣ. ಶುದ್ಧ ಕರುಣೆಯೊಂದೇ ಮನುಷ್ಯಭಾವನೆ ಎಂಬ ಅಳತೆ ಹಿಡಿದರೆ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತೇವೆ? ತನ್ನವರಿಗಾಗಿ ಪ್ರಾಣ ಕೊಟ್ಟು, ಪರರ ಸಾವಿಗೆ ರೆಪ್ಪೆಯನ್ನೂ ಅಲುಗಿಸದಿರುವುದು ಸಂಕುಚಿತ ಮನಸ್ಸು. ಸಂಕುಚಿತವಾದರೂ ಅದು ಮನಸ್ಸೇ.

ಆ ‘ತನ್ನವರು’ ಎಂಬ ಭಾವ ಎಷ್ಟು ಗಟ್ಟಿಯೆಂದು ನೋಡಲು ಮೂರನೆಯ ಸಂಪುಟ ಸಾಕು. ಶಾಲ್ಟಿಯರ್ ಎಂಬ ಕಾವಲುಗಾತಿ ಶತ್ರುಗಳ ಮಾಯೆಗೆ ಸಿಕ್ಕಿ ಬುದ್ಧಿ ಕಳೆದುಕೊಂಡಾಗ, ಅವಳನ್ನು ಕೊಲ್ಲದೆ ಬೇರೆ ದಾರಿ ಇರುವುದಿಲ್ಲ. ಸೈನ್ಯ ಕಳಿಸಬಹುದಿತ್ತು. ಗೆಳೆಯರ ಮಕ್ಕಳಂತಿರುವ ಇವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ನೋಡಲಾರೆ ಎಂದು, ಗೆಲುವು ಖಚಿತವಿಲ್ಲದಿದ್ದರೂ ಒಬ್ಬನೇ ಹೋಗುತ್ತಾನೆ. ಮುಂದಾಲೋಚನೆ ಇಲ್ಲದೆ ಹೋದದ್ದು ತನ್ನ ತಪ್ಪು ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಆ ಕಾಳಗದ ಕೊನೆಯಲ್ಲಿ ಅವನ ಕೈಗೆ ಬರುವುದು ಬಿಟ್ಟುಹೋದ ಗೆಳೆಯರ ಆಯುಧಗಳು, ಮೈಮೇಲೆ ಬರುವುದು ಟಚ್ ಮಿಯ ಕವಚ. ಐವತ್ತು ಕೋಟಿ ಚಿನ್ನದ ನಾಣ್ಯ ಸುರಿದು ಶಾಲ್ಟಿಯರ್‌ಳನ್ನು ಮತ್ತೆ ಬದುಕಿಸುತ್ತಾನೆ. ಹದಿನೈದು, ಹದಿನಾರನೆಯ ಸಂಪುಟಗಳಲ್ಲಿ ಎಲ್ಫ್‌ಗಳ ನಾಡಿಗೆ ಹೋಗುವುದಕ್ಕೆ ಒಂದು ಮುಖ್ಯ ಕಾರಣ ಆವ್ರಾ, ಮಾರೆ ಎಂಬ ಅವಳಿ ಮಕ್ಕಳಿಗೆ ಓರಗೆಯ ಗೆಳೆಯರು ಸಿಗಲಿ ಎಂಬ ಕಾಳಜಿ. ಅವನು ಬೇರೆ ಏನೇ ಆಗಿರಲಿ, ಇಲ್ಲಿ ಮನೆಯ ಹಿರಿಯ.

ರಾಜನಂತೆ ನಡೆಯುವುದೆಲ್ಲ ಬರೀ ನಟನೆ, ನಟನೆಯನ್ನು ಭಾವನೆ ಎನ್ನಲಾಗದು ಎನ್ನುವವರೂ ಇದ್ದಾರೆ. ಕನ್ನಡಿಯ ಮುಂದೆ ನಿಂತು ಗಂಭೀರ ಧ್ವನಿಯನ್ನು ಅಭ್ಯಾಸ ಮಾಡುವವನ ಎದೆಯಲ್ಲಿ ಇರುವುದು ಬಯಲಾಗಿಬಿಟ್ಟೇನೆಂಬ ಭಯ. ತಾನು ಹುಡುಗುತನದಲ್ಲಿ ರೂಪಿಸಿದ ಪಂಡೋರಾಸ್ ಆ್ಯಕ್ಟರ್ ಎಂಬ ಪಾತ್ರ ಎದುರು ಬಂದಾಗಲೆಲ್ಲ ನಾಚಿ ಕುಗ್ಗುತ್ತಾನೆ. ಆಲ್ಬೆಡೊ ಎಂಬ ಕಾವಲುಗಾತಿಯ ಮನಸ್ಸಿನಲ್ಲಿ ತನ್ನ ಮೇಲೆ ಪ್ರೀತಿ ಇರುವಂತೆ ಆಟದ ಕೊನೆಯ ರಾತ್ರಿ ತಿದ್ದಿಬಿಟ್ಟೆನಲ್ಲ ಎಂಬ ಪಾಪಪ್ರಜ್ಞೆ ಅವನನ್ನು ಬಿಟ್ಟಿಲ್ಲ. ಈ ಆಕ್ಷೇಪಕ್ಕೆ ಇಷ್ಟು ಸಾಕು.

ಇನ್ನು ಮಹತ್ವಾಕಾಂಕ್ಷೆಯ ಮಾತು. ಐನ್ಜ್‌ಗೆ ತನ್ನದೆನ್ನುವ ಗುರಿಯೇ ಇಲ್ಲ, ಡೆಮಿಯರ್ಜ್ ಎಂಬ ಚಾಣಾಕ್ಷ ಕಾವಲುಗಾರ ಎಳೆದತ್ತ ಹೋಗುತ್ತಾನೆ ಎನ್ನುತ್ತಾರೆ. ಇದಕ್ಕೆ ಆಧಾರ ಮೊದಲ ಸಂಪುಟದ ಒಂದು ರಾತ್ರಿ. 2138ರ ಭೂಮಿಯಲ್ಲಿ ಗಾಳಿ ನೀರು ಕೆಟ್ಟು, ನಕ್ಷತ್ರ ಕಾಣುವುದೇ ಇಲ್ಲ. ಮೊದಲ ಸಲ ತುಂಬು ಆಕಾಶ ಕಂಡವನು ಮೈಮರೆತು, ಈ ಲೋಕವನ್ನೇ ಗೆದ್ದುಕೊಂಡರೂ ಚೆನ್ನಾಗಿರುತ್ತದೆ ಎಂಬರ್ಥದ ಮಾತಾಡುತ್ತಾನೆ. ಅದು ತಮಾಷೆ. ಡೆಮಿಯರ್ಜ್ ಅದನ್ನು ಆಜ್ಞೆಯೆಂದು ಹಿಡಿಯುತ್ತಾನೆ, ರಾಜ್ಯಗಳು ಉರುಳತೊಡಗುತ್ತವೆ. ಇಷ್ಟು ನಿಜ. ಆದರೆ ಅದೇ ಸಂಪುಟದಲ್ಲಿ ಅವನು ತಾನಾಗಿಯೇ ತೆಗೆದುಕೊಂಡ ನಿರ್ಧಾರವೊಂದಿದೆ, ಅದನ್ನು ಈ ವಾದಿಗಳು ದಾಟಿಕೊಂಡು ಹೋಗುತ್ತಾರೆ. ಆಟದಲ್ಲಿ ಅವನ ಹೆಸರು ಮೊಮೊಂಗ. ಐನ್ಜ್ ಊಲ್ ಗೌನ್ ಎಂಬುದು ನಲವತ್ತೊಂದು ಜನರ ತಂಡದ ಹೆಸರು. ಆ ಹೆಸರನ್ನು ತಾನೇ ಇಟ್ಟುಕೊಂಡು, ಈ ಲೋಕದ ಮೂಲೆಮೂಲೆಗೂ ತಲುಪಿಸುತ್ತೇನೆ, ಗೆಳೆಯರಲ್ಲಿ ಯಾರಾದರೂ ಇಲ್ಲಿಗೆ ಬಂದಿದ್ದರೆ ಅವರ ಕಿವಿಗೆ ಬೀಳಲಿ ಎಂದು ಸಂಕಲ್ಪ ಮಾಡುತ್ತಾನೆ.

ಈ ಹಂಬಲ ಮರುಹುಟ್ಟಿನಲ್ಲಿ ಹುಟ್ಟಿದ್ದೂ ಅಲ್ಲ. ದುಡಿದು ದುಡಿದು ಸತ್ತ ಒಬ್ಬ ತಾಯಿಯ ಮಗ ಅವನು. ಬಂಧು ಬಳಗವೆನ್ನುವಂಥದ್ದು ಆ ಆಟದಲ್ಲೇ ಸಿಕ್ಕಿತು. ಗೆಳೆಯರು ಒಬ್ಬೊಬ್ಬರಾಗಿ ಕೆಲಸ, ಸಂಸಾರವೆಂದು ಬಿಟ್ಟುಹೋದ ಮೇಲೂ, ನಜಾರಿಕ್ ಬಿದ್ದುಹೋಗಬಾರದೆಂದು ಅದರ ಖರ್ಚಿಗೆ ಬೇಕಾದ ಚಿನ್ನವನ್ನು ಒಬ್ಬನೇ ಆಟದೊಳಗೆ ದುಡಿದು ತಂದು ಖಜಾನೆಗೆ ಹಾಕುತ್ತಿದ್ದ. ಮೈಯಲ್ಲಿ ರಕ್ತಮಾಂಸ ಇದ್ದಾಗ ಇದ್ದ ಆಸೆಯೇ ಎಲುಬಾದ ಮೇಲೂ ಇದೆ, ಈಗ ಕೈಗೆ ಬಲ ಬಂದಿದೆ ಅಷ್ಟೆ. ಹದಿನಾಲ್ಕನೆಯ ಸಂಪುಟದಲ್ಲಿ ಸೋಲಲಿರುವ ರಾಜ್ಯದ ರಾಜಕುಮಾರ ಜಾನಕ್ ರಣರಂಗದಲ್ಲಿ ಎದುರು ಕೂತು, ಇಷ್ಟೆಲ್ಲ ಏಕೆ ಎಂದು ಕೇಳಿದಾಗ ಐನ್ಜ್ ಕೊಡುವ ಉತ್ತರದ ಸಾರ ತೀರಾ ಸಾಮಾನ್ಯವಾದದ್ದು: ತನ್ನವರೊಂದಿಗೆ ಸುಖವಾಗಿರಬೇಕು. ಆಮೇಲೆ ಜಾನಕ್‌ನನ್ನು ಅವನದೇ ಸರದಾರರು ಕೊಂದು ತಲೆ ತಂದೊಪ್ಪಿಸಿದಾಗ, ಆ ದ್ರೋಹಿಗಳಿಗೆ ಐನ್ಜ್ ಬಹುಮಾನ ಕೊಡುವುದಿಲ್ಲ, ಘೋರ ಶಿಕ್ಷೆ ವಿಧಿಸುತ್ತಾನೆ. ಶತ್ರುವಿನ ಮೇಲೆ ಗೌರವ ಹುಟ್ಟದೆ ಆ ಸಿಟ್ಟು ಬರುವುದಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ಒಂಬತ್ತನೆಯ ಸಂಪುಟದ ಕಾಟ್ಜೆ ಬಯಲಿನ ಯುದ್ಧ. ಐನ್ಜ್ ಹಾಕಿದ ಒಂದೇ ಮಂತ್ರಕ್ಕೆ ಎಪ್ಪತ್ತು ಸಾವಿರ ಶತ್ರು ಸೈನಿಕರು ನಿಂತಲ್ಲೇ ಸಾಯುತ್ತಾರೆ. ಆ ಸಾವುಗಳನ್ನು ಉಂಡು ಐದು ದೈತ್ಯ ಮರಿಗಳು ಹುಟ್ಟಿ, ಉಳಿದವರನ್ನು ತುಳಿಯುತ್ತ ಹೋಗುತ್ತವೆ. ಐನ್ಜ್‌ಗೆ ಖುಷಿ. ಇಷ್ಟು ಮರಿಗಳನ್ನು ಒಂದೇ ಸಲಕ್ಕೆ ಯಾರೂ ಹುಟ್ಟಿಸಿಲ್ಲ, ಇದು ದಾಖಲೆ ಎಂಬ ಖುಷಿ. ಇದನ್ನು ತೋರಿಸಿ, ಇವನು ಮನುಷ್ಯನಾಗಿರಲು ಸಾಧ್ಯವೇ ಇಲ್ಲ ಎನ್ನುತ್ತಾರೆ.

ಆ ಖುಷಿ ಯಾರದು? ಸತ್ತ ದೇಹಕ್ಕೆ ದಾಖಲೆಯ ಹುಚ್ಚು ಇರುವುದಿಲ್ಲ. ಅದು ಆಟಗಾರ ಸುಜುಕಿಯ ಖುಷಿ, ರಾತ್ರಿಯೆಲ್ಲ ಕೂತು ಅಂಕ ಲೆಕ್ಕ ಹಾಕುತ್ತಿದ್ದವನದು. ಎದುರಿಗೆ ಬೀಳುತ್ತಿರುವವರು ಅಂಕಗಳಲ್ಲ, ಮನೆಯಲ್ಲಿ ಕಾಯುವವರಿರುವ ರೈತರು ಎಂಬುದನ್ನು ಅವನು ಯೋಚಿಸಲೇ ಇಲ್ಲ. ಯೋಚಿಸಬಲ್ಲ ಶಕ್ತಿ ಇತ್ತು. ಅದೇ ದಿನ, ಅದೇ ಬಯಲಿನಲ್ಲಿ ಗಜೆಫ್ ಸ್ಟ್ರೊನೋಫ್ ಎಂಬ ಯೋಧ ಸಾವು ಖಚಿತವೆಂದು ಗೊತ್ತಿದ್ದೂ ಒಂಟಿ ಕಾಳಗಕ್ಕೆ ಕರೆದಾಗ, ಅವನ ಬೆಲೆ ಐನ್ಜ್‌ಗೆ ಅರ್ಥವಾಗುತ್ತದೆ. ನನ್ನ ಕಡೆಗೆ ಬಾ ಎಂದು ಕೈ ಚಾಚುತ್ತಾನೆ. ಒಬ್ಬನ ಬೆಲೆ ಕಂಡವನಿಗೆ ಎಪ್ಪತ್ತು ಸಾವಿರ ಜನರ ಬೆಲೆ ಕಾಣಲಿಲ್ಲವೆಂದರೆ, ಕಣ್ಣಿರಲಿಲ್ಲ ಎನ್ನಲಾಗದು. ಅತ್ತ ನೋಡಲಿಲ್ಲ.

ಇಲ್ಲಿಯೇ ನನ್ನ ಮುಖ್ಯ ತಕರಾರು. ದೇಹ ಬದಲಾಯಿತು, ಆದ್ದರಿಂದ ಭಾವನೆ ಹೋಯಿತು, ಆದ್ದರಿಂದ ಹೊಣೆಯೂ ಹೋಯಿತು ಎಂಬ ವಾದ ಆ ಎಪ್ಪತ್ತು ಸಾವಿರ ಸಾವುಗಳನ್ನು ಭೂಕಂಪದ ಲೆಕ್ಕಕ್ಕೆ ಬರೆಯುತ್ತದೆ. ಭೂಕಂಪವನ್ನು ಯಾರೂ ಕಟಕಟೆಗೆ ಹತ್ತಿಸುವುದಿಲ್ಲ. ಕನ್ನಡ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ರಕ್ತ ಹರಿಯದಿದ್ದರೂ ಕೊಲ್ಲುವ ಸಂಕಲ್ಪ ನಡೆದುಹೋಯಿತೆಂದು ಯಶೋಧರನೂ ಅವನ ತಾಯಿಯೂ ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಅಲೆಯುತ್ತಾರೆ. ಮೈ ನವಿಲಾಯಿತು, ನಾಯಾಯಿತು ಎಂದು ಜನ್ನ ಲೆಕ್ಕ ಚುಕ್ತಾ ಮಾಡಲಿಲ್ಲ. ಮಾರುಯಾಮಾ ಜೈನ ಕವಿಯಲ್ಲ, ಅವರ ಲೋಕದಲ್ಲಿ ಕರ್ಮಫಲವೂ ಬರುವುದಿಲ್ಲ. ಫಲ ಬರದ ಲೋಕದಲ್ಲಿ ತೀರ್ಪು ಕೊಡುವ ಕೆಲಸ ಓದುಗನದು. ಪಾತ್ರವನ್ನು ಪ್ರೀತಿಸುವ ಭರದಲ್ಲಿ ಆ ಕೆಲಸವನ್ನು ಕೈಬಿಡಬೇಡಿ.

ನಾನೂ ಆ ಪಾತ್ರವನ್ನು ಪ್ರೀತಿಸುತ್ತೇನೆ. ಖಾಲಿ ಮನೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಗೆಳೆಯರಿಗಾಗಿ ಕಾಯುವವನನ್ನು ಪ್ರೀತಿಸದಿರುವುದು ಕಷ್ಟ. ಪ್ರೀತಿಯ ಆ ಕಾರಣವೇ ಅವನ ಮೇಲಿನ ದೋಷಾರೋಪಕ್ಕೂ ಆಧಾರ. ಅಷ್ಟು ಪ್ರೀತಿಸಬಲ್ಲವನು ಇಷ್ಟು ಕೊಂದ.

ನನ್ನ ಎದುರು ವಾದಿಸುವ ಗೆಳೆಯರಲ್ಲಿ ಒಂದು ಕೋರಿಕೆ. ಒಂಬತ್ತನೆಯ ಸಂಪುಟವನ್ನು ಮತ್ತೊಮ್ಮೆ ತೆರೆಯಿರಿ. ಕಾಟ್ಜೆ ಬಯಲಿನ ಅಧ್ಯಾಯದಲ್ಲಿ ಐನ್ಜ್ ಎಂದು ಇರುವಲ್ಲೆಲ್ಲ ಸುಜುಕಿ ಸತೋರು ಎಂದು ಓದಿಕೊಳ್ಳಿ. ಮಂತ್ರ ಹಾಕಿದವನು ಅವನೇ.