ನಮ್ಮ ಮಾತಿಗೆ ನಗೋದು ಬಿಡ್ರಿ

ಕನ್ನಡ ಸಿನಿಮಾದಲ್ಲಿ ಒಬ್ಬ "ಏನ್ರೀಪಾ, ಆರಾಮ ಅದೀರಿ?" ಅಂದ ಅಂದ್ರೆ ಅವನ್ಯಾರು ಅಂತ ಕಣ್ಮುಚ್ಚಿ ಹೇಳಬಹುದು. ಅಡುಗೆಯವನು, ವಾಚ್‌ಮನ್, ಇಲ್ಲವೇ ಹೀರೋನ ಪೆದ್ದ ಗೆಳೆಯ. ಅವನು ಬಾಯಿ ಬಿಟ್ಟರೆ ಥಿಯೇಟರ್ ನಗಬೇಕು, ಅಷ್ಟೇ ಅವನ ಕೆಲಸ. ಅವನು ಪ್ರೀತಿ ಮಾಡೋದಿಲ್ಲ, ಕೋರ್ಟಿನಲ್ಲಿ ವಾದಿಸೋದಿಲ್ಲ, ಯಾರಿಗಾಗಿಯೂ ಅಳೋದಿಲ್ಲ. ಅಪರೂಪಕ್ಕೆ 'ನಾಗಮಂಡಲ'ದಂಥ (1997) ಸಿನಿಮಾ ಬರುತ್ತದೆ. ಆಮೇಲೆ ಮತ್ತೆ ಅದೇ ಹಾಡು. ಇದಕ್ಕೆ ಉತ್ತರ ಕರ್ನಾಟಕದ ಪ್ರಾತಿನಿಧ್ಯ ಅಂತ ಬೇರೆ ಹೆಸರು. ನಾನು ಇದನ್ನ ಗೇಲಿ ಅಂತೀನಿ.

ನಮ್ಮ ಮಾತು ಗಂಭೀರ ವಿಷಯಕ್ಕೆ ಒಗ್ಗಲ್ಲ ಅನ್ನೋರು ಚಂದ್ರಶೇಖರ ಕಂಬಾರರನ್ನು ಮರೆತಿದ್ದಾರೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಬಯಲಾಟ ನೋಡುತ್ತಾ ಬೆಳೆದ ಹುಡುಗ. ಮುಂದೆ ಅದೇ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಪದ ಕಟ್ಟಿದರು, ತಾವೇ ಹಾಡಿದರು, ನಾಟಕ ಬರೆದರು, ಸಿನಿಮಾ ನಿರ್ದೇಶಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಎಲ್ಲೂ ತಮ್ಮೂರಿನ ಮಾತನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ.

ಅವರ 'ಜೋಕುಮಾರಸ್ವಾಮಿ'ಯನ್ನು 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲೇ ಆಡಿಸಿದರು. ಆ ನಾಟಕದಲ್ಲಿ ನಗು ಬೇಕಾದಷ್ಟಿದೆ. ಜೊತೆಗೆ ಭೂಮಿ ಯಾರದು, ಉಳುವವನದೋ ಗೌಡನದೋ ಅನ್ನೋ ಜಗಳವಿದೆ. ಮಕ್ಕಳಿಲ್ಲದ ಗೌಡತಿಯ ಸಂಕಟವಿದೆ, ಆಸೆಯಿದೆ, ಕೊಲೆಯಿದೆ. ಎಲ್ಲವೂ ಇವತ್ತು ನಾವು ಕಾಮಿಡಿ ಅಂತ ಪಕ್ಕಕ್ಕಿಟ್ಟಿರುವ ಅದೇ ಮಾತಿನಲ್ಲಿ. ಅವರ 'ಕಾಡು ಕುದುರೆ' ಸಿನಿಮಾದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆಗ ಈ ಭಾಷೆ ಯಾರಿಗೂ ತಿಳಿಯಲ್ಲ ಅಂತ ಯಾರೂ ಅನ್ನಲಿಲ್ಲ.

ಈಗ ಅಂತಾರೆ. "ಮೈಸೂರು, ಬೆಂಗಳೂರಿನ ಪ್ರೇಕ್ಷಕರಿಗೆ ಅರ್ಥ ಆಗಲ್ಲ, ಮಾರ್ಕೆಟ್ ಇಲ್ಲ" ಅನ್ನೋದು ಸಿದ್ಧ ಉತ್ತರ. ಹೌದಾ? ಮಂಡ್ಯ ಸೀಮೆಯ ಮಾತಿನ 'ತಿಥಿ' ಲೊಕಾರ್ನೊ ಚಿತ್ರೋತ್ಸವದವರೆಗೆ ಹೋಗಿ ಪ್ರಶಸ್ತಿ ತಂತು. ಕರಾವಳಿಯ 'ಕಾಂತಾರ' 2022ರಲ್ಲಿ ದೇಶವೆಲ್ಲಾ ಓಡಿತು. ಅವರ ಮಾತಿಗೆ ಬರುವ ಮಾರ್ಕೆಟ್ ನಮ್ಮ ಮಾತಿಗೆ ಮಾತ್ರ ಯಾಕ ಬರಂಗಿಲ್ಲ?

"ನಿಮ್ಮವರೇ ಆ ಭಾಷೆಯಲ್ಲಿ ನಗಿಸ್ತಾರಲ್ಲ" ಅನ್ನೋ ವಾದವೂ ಇದೆ. ನಗಿಸ್ತಾರೆ. ಗಂಗಾವತಿ ಪ್ರಾಣೇಶರ ಮಾತಿಗೆ ನಾವೂ ಹೊಟ್ಟೆ ಹಿಡಕೊಂಡು ನಕ್ಕೀವಿ. ಆದರೆ ಅಲ್ಲಿ ಮಾತಾಡುವವನೇ ಜಾಣ, ಅವನು ಲೋಕವನ್ನು ನೋಡಿ ನಗಿಸ್ತಾನೆ. ಸಿನಿಮಾದಲ್ಲಿ ಲೋಕ ಅವನನ್ನು ನೋಡಿ ನಗುತ್ತದೆ. ಇವೆರಡೂ ಒಂದೇ ಅಲ್ಲ.

ಇದು ಬರೀ ಸಿನಿಮಾದ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮೂರು ಕುಮಾರಪಟ್ಟಣ, ತುಂಗಭದ್ರೆಯ ದಂಡೆ. ಹೊಳೆ ದಾಟಿದರೆ ಹರಿಹರ. ಫ್ಯಾಕ್ಟರಿ ಕೆಲಸಕ್ಕೆ ಬಂದ ಹತ್ತಾರು ಕಡೆಯವರ ಮಾತು ಕೇಳಿ ಬೆಳೆದವರು ನಾವು. ಯಾರ ಮಾತೂ ಯಾರಿಗೂ ಜೋಕ್ ಆಗಿರಲಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ನಾನು "ಬಿಲ್ಡ್ ಹೊಂಟೈತಿ" ಅಂದ್ರೆ "ಇನ್ನೊಂದ್ಸಲ ಹೇಳು ಗುರು, ಸಖತ್ತಾಗಿದೆ" ಅಂತಾರೆ. ಬಿಲ್ಡ್ ಏನಾಯ್ತು ಅಂತ ಯಾರೂ ಕೇಳಲ್ಲ. ಹಾವೇರಿ, ಗದಗದ ಕಡೆಯಿಂದ ಬಂದ ಹುಡುಗರು ಆರೇ ತಿಂಗಳಲ್ಲಿ 'ಹೋಗಾಕತ್ತೀನಿ' ಬಿಟ್ಟು 'ಹೋಗ್ತಾ ಇದೀನಿ' ಕಲಿತಾರೆ. ಅವ್ವನ ಫೋನ್ ಬಂದರೆ ಎದ್ದು ಮೆಟ್ಟಿಲ ಹತ್ತಿರ ಹೋಗಿ ದನಿ ತಗ್ಗಿಸಿ ಮಾತಾಡ್ತಾರೆ. ಪರದೆಯ ಮೇಲೆ ತನ್ನಂತೆ ಮಾತಾಡುವವನು ಯಾವಾಗಲೂ ಪೆದ್ದನೇ ಆಗಿದ್ದರೆ ಮತ್ತೇನು ಮಾಡಿಯಾನು?

ವೈವಿಧ್ಯ ಅಂದರೆ ಕಾಮಿಡಿಯನ್‌ಗೆ ಎರಡು 'ರೀ' ಸೇರಿಸಿ ಕೊಡೋದಲ್ಲ. ಸೀರಿಯಲ್ ಬರೆಯುವವರು, ವೆಬ್ ಸೀರೀಸ್‌ಗೆ ದುಡ್ಡು ಹಾಕುವವರು, ಚಾನೆಲ್ ನಡೆಸುವವರು ನಿಮ್ಮ ಗೆಳೆಯರಲ್ಲೇ ಇರಬಹುದು. ಅವರಿಗೆ ಹೇಳಿ: ಕಂಬಾರರಿಗೆ ಜ್ಞಾನಪೀಠ ಬಂದಾಗ ಚಪ್ಪಾಳೆ ಹೊಡೆದದ್ದು ಸಾಕು. ಅವರ ಮಾತನ್ನಾಡುವ ಒಬ್ಬ ವಕೀಲೆ, ಒಬ್ಬ ಡಾಕ್ಟರು, ಒಬ್ಬ ಪ್ರೇಮಿ, ಒಬ್ಬ ನ್ಯೂಸ್ ಆಂಕರ್ ಪರದೆ ಮೇಲೆ ಬರಲಿ. ನಗೋದಾ ಅಳೋದಾ ಅಂತ ಆಮೇಲೆ ನೋಡೋಣಂತ.