ಯೋಸೇಫ ಅಂತ ಹೆಸರಿಡೋಕೆ ಎಕ್ಸೆಲ್ ಶೀಟ್ ಯಾಕೆ ಬೇಕು?

ಕಳೆದ ತಿಂಗಳು ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್‌ಗೆ ಗಂಡು ಮಗು ಹುಟ್ಟಿತು. ಮೂರನೇ ದಿನ ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ. ಎಡಗಡೆ ಹೆಸರುಗಳು: ಯೋಸೇಫ, ದಾನಿಯೇಲ, ಆರೋನ್, ರೋಹನ್, ಆದಿತ್ಯ. ಮುಂದಿನ ಕಾಲಂಗಳಲ್ಲಿ ಸ್ಕೂಲು, ಬಾಡಿಗೆ ಮನೆ, ಕೆಲಸ, ಜಾತಿ ಪ್ರಮಾಣಪತ್ರ. ಪ್ರತಿ ಹೆಸರಿಗೂ ಒಂದರಿಂದ ಐದರವರೆಗೆ ಅಂಕ. ಯೋಸೇಫನಿಗೆ ಎಲ್ಲಕ್ಕಿಂತ ಕಡಿಮೆ ಬಂದಿತ್ತು. ಕೆಳಗೆ ಒಂದು ಸಾಲು: ‘ನಂಗಿಷ್ಟ ಇದೇ. ಏನ್ ಮಾಡ್ಲಿ ಹೇಳು.’

ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಅವನದು ಕೋಲಾರ ಕಡೆಯ ದಲಿತ ಕುಟುಂಬ. ತಾತನ ಹೆಸರು ಸೂಸೈ, ಮೂರು ತಲೆಮಾರಿನಿಂದ ಭಾನುವಾರ ಚರ್ಚು. ಅಪ್ಪನಿಗೆ ಎರಡು ಹೆಸರು, ಚರ್ಚಿನಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಇನ್ನೊಂದು. ನನ್ನ ಗೆಳೆಯನಿಗೂ ಹಾಗೇ. ಈಗ ಮೂರು ದಿನದ ಕೂಸಿಗೂ ಅದೇ ಲೆಕ್ಕ. ಊರು, ಹೆಸರು ಹಾಕಬೇಡ ಅಂದ. ಹಾಕುತ್ತಿಲ್ಲ.

ಸೂಸೈ ಅಂದರೆ ಯೋಸೇಫನೇ. ಪೋರ್ಚುಗೀಸರ ಜೊತೆ ಬಂದ ‘ಜೋಸೆ’ ತಮಿಳಿನಲ್ಲಿ ಸೂಸೈ ಆಯಿತು, ಮಂಗಳೂರಿನ ಕೊಂಕಣಿಯಲ್ಲಿ ಜುಜೆ ಆಯಿತು. ಕೇರಳದಲ್ಲಿ ಔಸೇಪ್, ಮುಸ್ಲಿಮರಲ್ಲಿ ಯೂಸುಫ್, ಇಂಗ್ಲಿಷ್ ಮೀಡಿಯಂನಲ್ಲಿ ಜೋಸೆಫ್. ಬೆಂಗಳೂರು ಸುತ್ತಮುತ್ತಲಿನ ಹಳೆಯ ಕ್ಯಾಥೊಲಿಕ್ ಮನೆಗಳಲ್ಲಿ ಸಿಗುವ ರಾಯಪ್ಪ ಪೇತ್ರ, ಚಿನ್ನಪ್ಪ ಪೌಲ, ಅರುಳಪ್ಪ ಯೋಹಾನ, ಚೌರಪ್ಪ ಅಂದರೆ ಕ್ಸೇವಿಯರ್. ಬೈಬಲ್ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾಗಿದ್ದು 1831ರಲ್ಲಿ. ಹೀಗಾಗಿ ‘ವಿದೇಶಿ ಹೆಸರು ಯಾಕೆ’ ಅಂತ ಕೇಳುವವರಿಗೆ ಉತ್ತರ ಸುಲಭ: ಈ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗಿ ಬಹಳ ಕಾಲವಾಗಿದೆ.

ಆದರೆ ಹೆಸರು ಒಂದೇ ಆದರೂ ಅದಕ್ಕೆ ತೆರಬೇಕಾದ ಬೆಲೆ ಒಂದೇ ಅಲ್ಲ. ಕರಾವಳಿಯ ಅನುಕೂಲಸ್ಥ ಕ್ಯಾಥೊಲಿಕ್ ಕುಟುಂಬ ಮಗನಿಗೆ ಈಥನ್ ಅಂತಲೋ ನೋವಾ ಅಂತಲೋ ಹೆಸರಿಡುವಾಗ ಜಾತಿ ಪ್ರಮಾಣಪತ್ರದ ಕಾಲಂ ಬೇಕಾಗುವುದಿಲ್ಲ. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ ಕ್ರೈಸ್ತನಾದ ಬ್ರಾಹ್ಮಣ ಯುವಕ ಆನಂದರಾವ್, ಹರ್ಮನ್ ಎಂಬ ಹೊಸ ಹೆಸರಿನ ಜೊತೆ ಕೌಂಡಿನ್ಯ ಎಂಬುದನ್ನೂ ಉಳಿಸಿಕೊಂಡರು. ಉಳಿಸಿಕೊಳ್ಳಬೇಕು ಅನಿಸುವಂಥ ಹೆಸರು ಅವರಿಗಿತ್ತು. ಕರಿಯ, ಮಾರ, ಕೆಂಪ ಅಂತ ಊರ ಗೌಡರು ಏಕವಚನದಲ್ಲಿ ಕೂಗುತ್ತಿದ್ದವನಿಗೆ ಯೋಸೇಫ ಅನ್ನುವುದು ಯಾವ ಜಮೀನ್ದಾರನೂ ಕೊಡದ ಹೆಸರು. ಅದನ್ನು ಇಟ್ಟುಕೊಳ್ಳುವುದರಲ್ಲಿ ಭಕ್ತಿಯ ಜೊತೆಗೆ ಸ್ವಾಭಿಮಾನವೂ ಇತ್ತು. ಅದೇ ಹೆಸರನ್ನು ಈಗ ಮೊಮ್ಮಗ ಬಚ್ಚಿಡಬೇಕಾಗಿದೆ.

ಕಾರಣ, 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ. ಅದರ ಮೂರನೇ ಪ್ಯಾರಾ ಪ್ರಕಾರ ಹಿಂದೂ ಧರ್ಮಕ್ಕೆ ಸೇರದವರು ಎಸ್‌ಸಿ ಅಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಇದರಿಂದ ಹೋಗುವುದು ಮೀಸಲಾತಿ ಮಾತ್ರ ಅಲ್ಲ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಈ ಪಟ್ಟಿಗೇ ಅಂಟಿಕೊಂಡಿದೆ.

ಈ ಆದೇಶವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಒಬ್ಬರ ಹೆಸರು, ಕಾಕತಾಳೀಯವೋ ಏನೋ, ಸೂಸೈ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ಆದಿ ದ್ರಾವಿಡ ಕ್ರೈಸ್ತ. 1982ರಲ್ಲಿ ಸರ್ಕಾರ ಇಂಥ ಕೆಲಸಗಾರರಿಗೆ ಉಚಿತವಾಗಿ ಗೂಡಂಗಡಿ ಕೊಡುವಾಗ ಎಸ್‌ಸಿ ಹಿಂದೂಗಳಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. 1985ರ ತೀರ್ಪಿನಲ್ಲಿ ಅವರು ಸೋತರು. ಮತಾಂತರದ ನಂತರವೂ ಜಾತಿ ಉಳಿಯುತ್ತದೆ ಎಂದಷ್ಟೇ ತೋರಿಸಿದರೆ ಸಾಲದು, ಅದೇ ತೀವ್ರತೆಯ ದಮನ ಮುಂದುವರಿದಿದೆ ಎಂದು ಸಾಬೀತಾಗಬೇಕು ಅಂತ ಕೋರ್ಟ್ ಹೇಳಿತು.

ಈಗ 2024ರ ನವೆಂಬರ್‌ಗೆ ಬನ್ನಿ. ಪುದುಚೇರಿಯ ಸೆಲ್ವರಾಣಿ ಪ್ರಕರಣ. ಹೆಸರಿನಲ್ಲಿ ಬೈಬಲ್‌ನ ಸುಳಿವೂ ಇಲ್ಲ. ತಾನು ಹಿಂದೂ, ಎಸ್‌ಸಿ ಪ್ರಮಾಣಪತ್ರ ಕೊಡಿ ಎಂಬುದು ಅವರ ವಾದ. ಆದರೆ ಶಿಶುವಾಗಿದ್ದಾಗ ಆಗಿದ್ದ ದೀಕ್ಷಾಸ್ನಾನದ ದಾಖಲೆ ಮತ್ತು ಚರ್ಚಿನ ಒಡನಾಟವನ್ನು ಕೋರ್ಟ್ ಪರಿಗಣಿಸಿತು. ಅವರೂ ಸೋತರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಧರ್ಮ ಹೇಳಿದರೂ ಸೋಲು, ಹೇಳದಿದ್ದರೂ ಸೋಲು. ಕಾನೂನಿನ ಕೋಡ್‌ನಲ್ಲಿ ಹೆಸರು ಎಂಬ ವೇರಿಯಬಲ್ಲೇ ಇಲ್ಲ. ಅದು ಕೇಳುವುದು ಧರ್ಮವನ್ನು ಮತ್ತು ಜಾತಿಯನ್ನು. ಅಂದರೆ ನನ್ನ ಗೆಳೆಯನ ಶೀಟ್‌ನಲ್ಲಿ ‘ಆದಿತ್ಯ’ನಿಗೆ ಪ್ರಮಾಣಪತ್ರದ ಕಾಲಂನಲ್ಲಿ ಕೊಟ್ಟ ಐದು ಅಂಕ ತಪ್ಪು ಲೆಕ್ಕ. ವ್ಯಾಜ್ಯ ಅಂತ ಬಂದ ದಿನ ಚರ್ಚಿನ ರಿಜಿಸ್ಟರ್ ಮಾತಾಡುತ್ತದೆ, ಹೆಸರಲ್ಲ.

ಉಳಿದ ಕಾಲಂಗಳ ಮಾತು ಬೇರೆ. ಅಲ್ಲಿ ಕಾನೂನು ಮೌನ, ಹೆಸರೇ ಸಾಕ್ಷಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಖಾಸಗಿ ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಇಂಥ ತಾರತಮ್ಯವನ್ನು ತಡೆಯುವ ಸಮಗ್ರ ಕಾನೂನು ನಮ್ಮಲ್ಲಿ ಇವತ್ತಿಗೂ ಇಲ್ಲ. ಓನರ್ ಫೋನಿನಲ್ಲಿ ಹೆಸರು ಕೇಳಿ ‘ಮನೆ ಖಾಲಿ ಇಲ್ಲ’ ಅಂದರೆ ಯಾರಿಗೆ ದೂರು ಕೊಡ್ತೀರಿ?

ಇದರ ಮೇಲೆ ಈಗ ಡೇಟಾಬೇಸ್. ಕಾಗದದ ಕಾಲದಲ್ಲಿ ಎರಡು ಹೆಸರಿನ ಬದುಕು ಸಾಧ್ಯವಿತ್ತು. 1 ಅಕ್ಟೋಬರ್ 2023ರಿಂದ ಜಾರಿಯಾದ ತಿದ್ದುಪಡಿಯಂತೆ, ಅಂದಿನಿಂದ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ. ಮೊದಲ ದಾಖಲೆಯಲ್ಲಿ ಬಿದ್ದ ಹೆಸರು ಕೊನೆವರೆಗೂ ಬರುತ್ತದೆ. ತಾತನಿಗೆ ಇದ್ದ ಜಾಗ ಮೊಮ್ಮಗನಿಗಿಲ್ಲ.

ಕಳೆದ ವರ್ಷದ ಜಾತಿ ಗಣತಿ ನೆನಪಿದೆಯಲ್ಲ? 22 ಸೆಪ್ಟೆಂಬರ್ 2025ರಂದು ಸಮೀಕ್ಷೆ ಶುರುವಾಗುವ ಮೊದಲು, ಪಟ್ಟಿಯಲ್ಲಿ ಜಾತಿಗಳ ಮುಂದೆ ‘ಕ್ರಿಶ್ಚಿಯನ್’ ಎಂದಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಕೊನೆಗೆ ಅಂಥ 33 ಹೆಸರುಗಳು ಆ್ಯಪ್‌ನ ಡ್ರಾಪ್‌ಡೌನ್‌ನಿಂದ ಮರೆಯಾದವು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಅಂದಿತು ಆಯೋಗ. ಅಂದರೆ ದಲಿತ ಕ್ರೈಸ್ತನ ಮೇಲಿನ ದಮನಕ್ಕೆ ಪುರಾವೆ ತನ್ನಿ ಅಂತ ಕೋರ್ಟ್ ಕೇಳುತ್ತದೆ, ಪುರಾವೆ ಹುಟ್ಟಬೇಕಾದ ಜಾಗದಲ್ಲಿ ಆಯ್ಕೆಯೇ ಕಾಣುವುದಿಲ್ಲ.

ಇನ್ನೊಂದು ವಾದವನ್ನೂ ಕೇಳಲೇಬೇಕು. ‘ಚರ್ಚ್ ಸಮಾನತೆ ಕೊಡುತ್ತೆ ಅಂತ ಹೋದವರು ಮತ್ತೆ ಜಾತಿಯ ಸೌಲಭ್ಯ ಯಾಕೆ ಕೇಳ್ತಾರೆ? ಇರುವ ಪಾಲಿನಲ್ಲೇ ನಮಗೆ ಸಾಕಾಗ್ತಿಲ್ಲ’ ಅಂತ ನನ್ನ ಅನೇಕ ದಲಿತ ಗೆಳೆಯರು ಹೇಳುತ್ತಾರೆ. ಪಾಲಿನ ಆತಂಕ ನಿಜ. ಅದಕ್ಕೆ ಉತ್ತರ ಪಾಲು ಹಿಗ್ಗಿಸುವುದು, ಒಳಮೀಸಲಾತಿಯಲ್ಲಿ ನ್ಯಾಯವಾಗಿ ಹಂಚುವುದು. ಚರ್ಚ್ ಮಾತು ಉಳಿಸಿಕೊಂಡಿಲ್ಲ ಅನ್ನುವುದೂ ನಿಜ. ದಲಿತರಿಗೆ ಪ್ರತ್ಯೇಕ ಸ್ಮಶಾನ ಇಟ್ಟ ಚರ್ಚುಗಳು ದಕ್ಷಿಣ ಭಾರತದಲ್ಲಿವೆ. ಆದರೆ ಚರ್ಚಿನ ತಪ್ಪಿಗೆ ಶಿಕ್ಷೆ ಅನುಭವಿಸಬೇಕಾದವನು ಮತ್ತೆ ಅದೇ ದಲಿತನಾ? ಸಿಖ್, ಬೌದ್ಧ ಧರ್ಮಕ್ಕೆ ಹೋದವರಿಗೂ ಜಾತಿ ಹಿಂಬಾಲಿಸುತ್ತದೆ ಅಂತ ಸಂಸತ್ತು ಒಪ್ಪಿದ ಮೇಲೆ ಗಡಿಯನ್ನು ಅಲ್ಲಿಗೇ ನಿಲ್ಲಿಸೋಕೆ ಇರುವ ತರ್ಕವಾದರೂ ಏನು?

ಗೆಳೆಯನಿಗೆ ನಾನು ಇಷ್ಟೇ ಬರೆದೆ. ಬೈಬಲ್‌ನ ಯೋಸೇಫನಿಗೂ ಎರಡು ಹೆಸರಿತ್ತು. ಅಣ್ಣಂದಿರೇ ಅವನನ್ನು ಮಾರಿದರು. ಈಜಿಪ್ಟಿನಲ್ಲಿ ದೊಡ್ಡ ಹುದ್ದೆಗೆ ಏರಿದಾಗ ಫರೋಹ ಅವನಿಗೆ ಅಲ್ಲಿನ ಹೆಸರಿಟ್ಟ. ಆಫೀಸಿಗೆ ಆ ಹೆಸರು. ಆದರೆ ತನಗೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಅವನು ಮನಸ್ಸೆ, ಎಫ್ರಾಯೀಮ್ ಅಂತ ತನ್ನ ಭಾಷೆಯ ಹೆಸರುಗಳನ್ನೇ ಇಟ್ಟ.

ಎರಡು ದಿನ ಬ್ಲೂ ಟಿಕ್ ಮಾತ್ರ. ಮೂರನೇ ದಿನ ಅರ್ಜಿಯ ಫೋಟೋ ಬಂತು. ಮಗುವಿನ ಹೆಸರಿನ ಜಾಗ ಇನ್ನೂ ಖಾಲಿ. ‘ಹೆಸರಿಲ್ಲದೆಯೂ ರಿಜಿಸ್ಟರ್ ಆಗುತ್ತಂತೆ, ಆಮೇಲೆ ಸೇರಿಸಬಹುದಂತೆ. ಸ್ವಲ್ಪ ಟೈಮ್ ತಗೋತೀನಿ’ ಅಂದ.

ಆ ಖಾಲಿ ಜಾಗವನ್ನು ಅವನು ಹೆದರಿಕೆ ಇಲ್ಲದೆ ತುಂಬುವಂತಾಗಬೇಕು. ಅದಕ್ಕೆ ಬದಲಾಗಬೇಕಿರುವುದು ಅವನ ಎಕ್ಸೆಲ್ ಶೀಟ್ ಅಲ್ಲ, 1950ರ ಆ ಮೂರನೇ ಪ್ಯಾರಾ.